ದತ್ತಿಗೆ ಬರೆದ ಹಣ, ನಾಮಿನಿಯ ಹಕ್ಕು ಮತ್ತು ಪ್ರೊಬೇಟ್

ಪ್ರಶ್ನೆ: ನಮ್ಮ ದೊಡ್ಡಪ್ಪ ನಿವೃತ್ತ ಶಿಕ್ಷಕರು, ಮದುವೆಯಾಗಿರಲಿಲ್ಲ. ಏಳು ತಿಂಗಳ ಹಿಂದೆ ತೀರಿಕೊಂಡರು. ಬ್ಯಾಂಕಿನಲ್ಲಿರುವ 15 ಲಕ್ಷ ರೂಪಾಯಿ ಠೇವಣಿ ಊರಿನ ಪ್ರೌಢಶಾಲೆಯ ಟ್ರಸ್ಟಿಗೆ ಸೇರಬೇಕು, ಅಸಲು ಮುಟ್ಟದೆ ಬಡ್ಡಿಯಲ್ಲಿ ಬಡ ಹೆಣ್ಣುಮಕ್ಕಳ ಶುಲ್ಕ ಕಟ್ಟಬೇಕು ಎಂದು ಉಯಿಲು ಬರೆದು, ನನ್ನನ್ನೇ ಅದರ ನಿರ್ವಾಹಕನನ್ನಾಗಿ ಮಾಡಿದ್ದಾರೆ. ಆದರೆ ಠೇವಣಿಯ ನಾಮಿನಿ ಅತ್ತೆಯ ಮಗ. ಹಣ ತನ್ನದೇ ಎನ್ನುತ್ತಾನೆ. ಟ್ರಸ್ಟಿನವರೋ ಹಣ ಬಂದರೆ ಕಾಂಪೌಂಡ್ ಕಟ್ಟಿಸುವ ಮಾತಾಡುತ್ತಿದ್ದಾರೆ. ಕೋರ್ಟು ಈ ಹಣವನ್ನು ಕಾಪಾಡುತ್ತದೆಯೇ? ಪ್ರೊಬೇಟ್ ಬೇಕೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಾಪಾಡುತ್ತದೆ. ಆದರೆ ನೀವು ಹೋಗಿ ಕೇಳಬೇಕು, ಅದೂ ಬೇಗ. ಏಳು ತಿಂಗಳು ಸುಮ್ಮನಿದ್ದದ್ದು ಸರಿಯಾಗಲಿಲ್ಲ.

ಮೊದಲು ಬ್ಯಾಂಕಿನ ವಿಚಾರ. ನಾಮಿನಿ ಹಣದ ಒಡೆಯನಲ್ಲ, ವಾರಸುದಾರರ ಪರವಾಗಿ ಅದನ್ನು ಪಡೆಯುವವನಷ್ಟೆ. ಜೀವವಿಮೆಯ ಬಗ್ಗೆ 1984ರಲ್ಲಿ, ಷೇರುಗಳ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಬ್ಯಾಂಕ್ ಠೇವಣಿಗೂ ಇದೇ ನಿಯಮ. ಹಾಗೆಂದು ನಿಶ್ಚಿಂತರಾಗಬೇಡಿ. ನಾಮಿನಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ತೀರಿತು. ನೀವು ಎಷ್ಟೇ ತಕರಾರು ಪತ್ರ ಬರೆದರೂ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 45ಝಡ್‌ಬಿ ಕಲಮಿನಂತೆ ಬ್ಯಾಂಕು ಅದನ್ನು ಗಣಿಸಬೇಕಾಗಿಲ್ಲ. ನ್ಯಾಯಾಲಯದ ಆದೇಶ ತೋರಿಸಿದರೆ ಮಾತ್ರ ಗಣಿಸಲೇಬೇಕು. ಎಷ್ಟೋ ಕುಟುಂಬಗಳು ರಿಜಿಸ್ಟರ್ಡ್ ಪತ್ರದ ರಸೀದಿಯನ್ನು ನಂಬಿಕೊಂಡು ಕುಳಿತು ಹಣ ಕಳೆದುಕೊಳ್ಳುವುದು ಇಲ್ಲೇ. ಆಮೇಲೆ ಅತ್ತೆಯ ಮಗನ ಮೇಲೆ ದಾವೆ ಹೂಡಬಹುದು, ನಿಜ. ಅಷ್ಟರಲ್ಲಿ ಅವನು ಅದರಲ್ಲಿ ಮನೆ ಕಟ್ಟಿ ಮುಗಿಸಿರುತ್ತಾನೆ.

ಪ್ರೊಬೇಟ್ ಎಂದರೆ ಉಯಿಲು ಅಸಲಿ ಎಂದು ನ್ಯಾಯಾಲಯ ಕೊಡುವ ದೃಢೀಕರಣ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಅದು ಕಡ್ಡಾಯವಲ್ಲ. ಆದರೂ ನೀವು ಪಡೆಯಿರಿ ಎಂದೇ ಹೇಳುತ್ತೇನೆ. ಪ್ರೊಬೇಟ್ ಸಿಕ್ಕಮೇಲೆ, ಅದು ರದ್ದಾಗದ ಹೊರತು, ಉಯಿಲು ಖೋಟಾ ಎಂದು ಬೇರೆ ಕೋರ್ಟಿನಲ್ಲಿ ಯಾರೂ ವಾದಿಸುವಂತಿಲ್ಲ. ಉಯಿಲಿನಲ್ಲೇ ನಿಮ್ಮನ್ನು ನಿರ್ವಾಹಕರನ್ನಾಗಿ ಹೆಸರಿಸಿರುವುದರಿಂದ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ ಹಾಕುವ ಹಕ್ಕು ನಿಮ್ಮದು. ಅರ್ಜಿಯ ಜೊತೆಗೇ, ತೀರ್ಮಾನವಾಗುವವರೆಗೆ ಠೇವಣಿಯನ್ನು ಯಾರಿಗೂ ಕೊಡಕೂಡದೆಂದು ಮಧ್ಯಂತರ ಆದೇಶ ಕೇಳಿ. ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕೋರ್ಟಿಗೆ ಕರೆತರಬೇಕಾಗುತ್ತದೆ. ಅವರಿಗೆ ವಯಸ್ಸಾಗಿದ್ದರೆ ತಡಮಾಡಬೇಡಿ.

ಅತ್ತೆಯ ಮಗ ತಕರಾರು ಸಲ್ಲಿಸಿದರೆ ಅರ್ಜಿ ದಾವೆಯ ರೂಪ ಪಡೆದು ವರ್ಷಗಟ್ಟಲೆ ಎಳೆಯುತ್ತದೆ. ಆ ಅವಧಿಗೆ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯವೇ ಒಬ್ಬ ಆಡಳಿತಗಾರನನ್ನು ನೇಮಿಸಬಹುದು. ಭಾರತೀಯ ಉತ್ತರಾಧಿಕಾರ ಕಾಯ್ದೆಯ 247ನೇ ಕಲಮು ಇರುವುದೇ ಇದಕ್ಕೆ. 2004ರಲ್ಲಿ ತೀರಿಕೊಂಡ ಉದ್ಯಮಿ ಪ್ರಿಯಂವದಾ ಬಿರ್ಲಾ ಅವರ ಉಯಿಲಿನ ವ್ಯಾಜ್ಯದಲ್ಲಿ ಕಲ್ಕತ್ತಾ ಹೈಕೋರ್ಟ್ ಇಂಥ ಆಡಳಿತಗಾರರ ಸಮಿತಿಯನ್ನೇ ನೇಮಿಸಿತು. ಹದಿನೈದು ಲಕ್ಷಕ್ಕೆ ಸಮಿತಿ ಬೇಡ, ತಡೆಯಾಜ್ಞೆ ಸಾಕು.

ಇನ್ನೊಂದು ವಿಷಯ ನೀವು ಬರೆದಿಲ್ಲ: ಉಯಿಲಿನಲ್ಲಿ ಠೇವಣಿಯ ಸಂಖ್ಯೆ ಇದೆಯೇ? ಇಂತಿಂಥ ಠೇವಣಿ ಎಂದು ಗುರುತಿಸಿ ಬರೆದಿದ್ದು, ದೊಡ್ಡಪ್ಪ ಬದುಕಿದ್ದಾಗಲೇ ಅದನ್ನು ಮುರಿಸಿ ಸೈಟು ಕೊಂಡಿದ್ದರೆ ಆ ದಾನ ಅಲ್ಲಿಗೇ ಬಿದ್ದುಹೋಗುತ್ತದೆ. ಬರೀ ನವೀಕರಣವಾಗಿ ಸಂಖ್ಯೆ ಬದಲಾಗಿದ್ದರೆ ವಾದಿಸಬಹುದು. ಬ್ಯಾಂಕಿನ ಹಳೆಯ ರಸೀದಿಗಳನ್ನು ಜೋಪಾನ ಮಾಡಿ.

ಕಾಂಪೌಂಡಿನ ಮಾತು ಪ್ರೊಬೇಟ್ ಕೋರ್ಟಿಗೆ ಸೇರಿದ್ದಲ್ಲ. ಅದು ನೋಡುವುದು ಉಯಿಲು ಅಸಲಿಯೇ ಎಂಬುದನ್ನಷ್ಟೇ. ಇಲ್ಲಿ ನಿಮ್ಮ ಕೈಯಲ್ಲೇ ಒಂದು ಹಿಡಿತವಿದೆ. ನಿರ್ವಾಹಕರ ಒಪ್ಪಿಗೆಯಿಲ್ಲದೆ ದಾನ ಪೂರ್ಣವಾಗುವುದಿಲ್ಲ, ಮರಣದಿಂದ ಒಂದು ವರ್ಷ ತುಂಬುವ ಮೊದಲು ಅದನ್ನು ಕೊಟ್ಟುಬಿಡಲೇಬೇಕೆಂಬ ಒತ್ತಾಯವೂ ಇಲ್ಲ. ಪ್ರತ್ಯೇಕ ದತ್ತಿ ಖಾತೆ ತೆರೆದು, ಅಸಲು ಮುಟ್ಟುವುದಿಲ್ಲ ಎಂಬ ಠರಾವಿನ ಪ್ರತಿಯನ್ನು ಟ್ರಸ್ಟಿನಿಂದ ಮೊದಲು ಪಡೆಯಿರಿ.

ಅನಂತರವೂ ಮಾತು ತಪ್ಪಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿದೆ. ಸಾರ್ವಜನಿಕ ದತ್ತಿಯಲ್ಲಿ ಆಸಕ್ತಿಯುಳ್ಳ ಇಬ್ಬರು ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಲೆಕ್ಕ ಕೇಳಬಹುದು, ಟ್ರಸ್ಟಿಗಳನ್ನು ತೆಗೆಸಲೂಬಹುದು. ಇನ್ನು ಮಲೆನಾಡಿನಲ್ಲಿ ಮಕ್ಕಳಿಲ್ಲದೆ ಶಾಲೆ ಮುಚ್ಚುವುದು ಹೊಸದಲ್ಲ. ಟ್ರಸ್ಟಿಗೆ ಸೇರಿದ ಮೇಲೆ ಹಾಗಾದರೆ ಹಣ ಅತ್ತೆಯ ಮಗನಿಗೆ ಮರಳುವುದಿಲ್ಲ. ಪಕ್ಕದೂರಿನ ಶಾಲೆಯ ಹೆಣ್ಣುಮಕ್ಕಳ ಶುಲ್ಕಕ್ಕೆ ಬಳಸುವಂತೆ ಇದೇ ಕಲಮಿನಡಿ ಕೋರ್ಟು ಆದೇಶಿಸಬಹುದು.