ಇಂಗ್ಲೆಂಡಿನ ಪಬ್ಬಿಗೆ ನಾವೂ ಹೋಗಬಹುದಾ?

ಪ್ರಶ್ನೆ: ಮಗಳು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿದ್ದಾಳೆ. ನಾವು ಹೋದಾಗ ಪಬ್ಬಿಗೆ ಊಟಕ್ಕೆ ಕರೆದೊಯ್ಯುತ್ತಾಳಂತೆ. ನಾವು ಕುಡಿಯುವವರಲ್ಲ, ಮುಜುಗರವಾಗುವುದಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಹೋಗಿ! ಬೆಂಗಳೂರಿನ ಪಬ್ ನೆನೆದು ಹೆದರಬೇಡಿ. ಅಲ್ಲಿನ ಹಳೇ ಪಬ್ ಅಂದರೆ ತಲೆಗೆ ತಗಲುವಷ್ಟು ತಗ್ಗಿನಲ್ಲಿರುವ ಮರದ ತೊಲೆಗಳು, ಸವೆದು ನುಣುಪಾದ ಬೆಂಚು, ಚಳಿಗಾಲದಲ್ಲಿ ಗೋಡೆಯ ಗೂಡಿನೊಳಗೆ ಚಟಚಟ ಉರಿಯುವ ಸೌದೆ, ಅದರ ಮುಂದೆ ಕಾಲು ಚಾಚಿ ಮಲಗಿದ ಯಾರದ್ದೋ ನಾಯಿ. ಪಬ್ ಅನ್ನೋದೇ 'ಪಬ್ಲಿಕ್ ಹೌಸ್' ಎಂಬುದರ ಮೊಟಕು ರೂಪ. ನಮ್ಮೂರ ಅರಳಿಕಟ್ಟೆಯ ಹಾಗೆ, ಊರಿನವರು ಸುಮ್ನೆ ಮಾತಿಗೆ ಸೇರುವ ಜಾಗ ಅದು. ಬರೀ ಜ್ಯೂಸ್ ಇಲ್ಲವೇ ಟೀ ಕುಡಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಒಂದು ವಿಷಯ ನೆನಪಿರಲಿ. ಹೆಚ್ಚಿನ ಕಡೆ ಟೇಬಲ್ಲಿಗೆ ಬಂದು ಕೇಳುವುದಿಲ್ಲ, ನೀವೇ ಕೌಂಟರಿಗೆ ಹೋಗಿ ಹೇಳಿ ದುಡ್ಡು ಕೊಡಬೇಕು. ಆಗ ನೋಡಿ, ನೆಲಮಾಳಿಗೆಯ ಪೀಪಾಯಿಯಿಂದ ಬಿಯರ್ ಮೇಲೆ ಬರಲು ಉದ್ದನೆಯ ಹಿಡಿಯನ್ನು ನಿಧಾನಕ್ಕೆ ಎಳೆಯುತ್ತಾರೆ, ನೋಡೋಕೇ ಚೆಂದ. ಭಾನುವಾರದ ರೋಸ್ಟ್ ಊಟಕ್ಕೆ (ಒಲೆಯಲ್ಲಿ ಹುರಿದ ಮಾಂಸ, ಆಲೂಗಡ್ಡೆ, ತರಕಾರಿ) ಜನ ಜಾಸ್ತಿ, ಮೊದಲೇ ಟೇಬಲ್ ಕಾದಿರಿಸಲು ಮಗಳಿಗೆ ಹೇಳಿ. ಸಸ್ಯಾಹಾರಿಗಳಾಗಿದ್ದರೆ ಗ್ರೇವಿ ಯಾವುದರದ್ದು ಅಂತ ಕೇಳಿಯೇ ಹಾಕಿಸಿಕೊಳ್ಳಿ.