ಹತ್ತು ನಿಮಿಷದ ಉತ್ತರ, ಸಂಜೆಯಿಡೀ ಕಾಯುವಿಕೆ

ಕೆಲಸದ ಅವಧಿ ಮುಗಿದ ಮೇಲೆ ಬರುವ ಸಂದೇಶಗಳಿಗೆ ಉತ್ತರಿಸಲು ಹತ್ತು ನಿಮಿಷವೂ ಹಿಡಿಯುವುದಿಲ್ಲ, ಆದರೂ ಸಂಜೆಯೆಲ್ಲ ದುಡಿದಷ್ಟು ದಣಿವೇಕೆ ಎಂದು ಕೇಳಿದ್ದೀರಿ. ಸಂದೇಶ ಯಾವ ಗಳಿಗೆಯಲ್ಲಾದರೂ ಬರಬಹುದೆಂದು ಉಳಿದ ಹೊತ್ತನ್ನೆಲ್ಲ ಕಾಯುತ್ತಲೇ ಕಳೆಯುತ್ತೇವಲ್ಲ, ಆ ಕಾಯುವಿಕೆಯೇ ನಮ್ಮನ್ನು ದಣಿಸುತ್ತದೆ ಎಂಬುದು ನನ್ನ ಅನುಭವ.

ಒಮ್ಮೆ ರಾತ್ರಿ ಹತ್ತೂವರೆಗೆ ನನ್ನ ಮೇಲಧಿಕಾರಿಗಳಿಂದ ಸಂದೇಶ ಬಂತು: 'ಮೂರನೇ ಪುಟದ ಲೆಕ್ಕ ತಾಳೆಯಾಗುತ್ತಿಲ್ಲ, ನಾಳೆ ನೋಡಿದರೂ ಸಾಕು.' ಅವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ಆದರೆ ದೀಪ ಆರಿಸಿ ಮಲಗಿದ ಮೇಲೂ ನಾನು ಆ ಪುಟದ ಅಂಕಿಗಳನ್ನು ನೆನಪಿನಿಂದಲೇ ಕೂಡುತ್ತಿದ್ದೆ. ಹನ್ನೆರಡರ ಹೊತ್ತಿಗೆ ತಡೆಯಲಾರದೆ ಎದ್ದು ಲ್ಯಾಪ್‌ಟಾಪ್ ತೆರೆದಾಗ ತಪ್ಪು ಎರಡೇ ನಿಮಿಷದಲ್ಲಿ ಸಿಕ್ಕಿತು. ಆ ಎರಡು ನಿಮಿಷವನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯಬಹುದು, ಅದಕ್ಕೆ ಮುಂಚಿನ ಒಂದೂವರೆ ಗಂಟೆಯನ್ನು ಹಿಡಿಯುವವರಿಲ್ಲ.

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ತನ್ನ ಮೊದಲ ಒಡಂಬಡಿಕೆಯಲ್ಲಿಯೇ ಕೈಗಾರಿಕೆಗಳಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ಗೊತ್ತುಮಾಡಿದಾಗ ಕೆಲಸದ ಗೆರೆ ಕಣ್ಣಿಗೆ ಕಾಣುವಂತಿತ್ತು. ಸೈರನ್ ಕೂಗಿದ ಮೇಲೆ ಯಂತ್ರವು ಯಾರ ಹಿಂದೆಯೂ ಮನೆಗೆ ಬರುತ್ತಿರಲಿಲ್ಲ. ಈಗ ಕೆಲಸದ ಸಲಕರಣೆಯೇ ಜೇಬಿನಲ್ಲಿದೆ. ಇದನ್ನು ಗುರುತಿಸಿ, 50 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ಅವಧಿ ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕೆಂಬ ಕಾನೂನನ್ನು ಫ್ರಾನ್ಸ್ 2017ರ ಜನವರಿಯಿಂದ ಜಾರಿಗೆ ತಂದಿತು. 2024ರ ಆಗಸ್ಟ್‌ನಲ್ಲಿ ಜಾರಿಯಾದ ಆಸ್ಟ್ರೇಲಿಯಾದ ಕಾನೂನು ನನಗೆ ಇನ್ನೂ ಹಿಡಿಸಿತು. ನಿರಾಕರಣೆ ಅಸಮಂಜಸವಾಗಿರದಿದ್ದರೆ, ಅವಧಿಯಾಚೆಗಿನ ಸಂದೇಶಕ್ಕೆ ಉತ್ತರಿಸಲು ಮಾತ್ರವಲ್ಲ, ಅದನ್ನು ಓದಲು, ಬಂದಿದೆಯೇ ಎಂದು ಗಮನಿಸುತ್ತಿರಲು ಕೂಡ ನೌಕರರು ಒಲ್ಲೆ ಎನ್ನಬಹುದು. ಗಮನಿಸುತ್ತಿರುವುದೂ ದುಡಿಮೆಯೇ ಎಂದು ಕಾನೂನೊಂದು ಕೊನೆಗೂ ಒಪ್ಪಿತಲ್ಲ ಎನ್ನಿಸಿತು.

ಆದ್ದರಿಂದ, ಬೇಗ ಉತ್ತರಿಸಿ ಮುಗಿಸಿಬಿಡುವುದು ಇದಕ್ಕೆ ಪರಿಹಾರವೆಂದು ನನಗೆ ತೋರುವುದಿಲ್ಲ. ಬೇಗ ಬಂದ ಉತ್ತರ ಮುಂದಿನ ಪ್ರಶ್ನೆಯನ್ನು ಕರೆತರುತ್ತದೆ. ನಮ್ಮ ತಂಡದಲ್ಲಿ ನಾವು ಕೂತು ಮಾತಾಡಿ, ನಿಜವಾಗಿ ತುರ್ತಾದುದಕ್ಕೆ ಫೋನ್ ಕರೆ, ಉಳಿದುದೆಲ್ಲ ಬೆಳಿಗ್ಗೆಗೆ ಎಂದು ನಿಶ್ಚಯಿಸಿಕೊಂಡೆವು. ಇತರರಿಗೆ ಕೆಲಸ ಹಂಚುವ ಜವಾಬ್ದಾರಿ ನನ್ನದೂ ಆಗಿರುವುದರಿಂದ, ರಾತ್ರಿ ಏನಾದರೂ ಹೊಳೆದರೆ ಬರೆದಿಟ್ಟು, ಬೆಳಿಗ್ಗೆ ಒಂಬತ್ತಕ್ಕೆ ತಲಪುವಂತೆ ಸಮಯ ಹೊಂದಿಸಿಡುತ್ತೇನೆ. ಮೊದಲ ಕೆಲವು ವಾರ ನನ್ನ ಕೈ ತಾನಾಗಿಯೇ ಫೋನಿನ ಕಡೆಗೆ ಹೋಗುತ್ತಿತ್ತು. ಕರೆ ಬಂದರೆ ಅದು ಹೇಗೂ ರಿಂಗಾಗುತ್ತದೆ ಎಂಬ ನಂಬಿಕೆ ಮನಸ್ಸಿಗೆ ಇಳಿಯಲು ಅಷ್ಟು ಕಾಲ ಬೇಕಾಯಿತು.