ಮದುವೆ ಕಾರ್ಡಿಗೆ ಬ್ರಷ್ ಫಾಂಟ್ ಕೇಳಿದ್ರಲ್ಲ, ಅದಕ್ಕೆ

ತಂಗಿ ಮದುವೆ ಕಾರ್ಡಲ್ಲಿ ಹೆಸರುಗಳನ್ನ ಇಂಗ್ಲಿಷಲ್ಲಿ ಬ್ರಷ್ ಸ್ಕ್ರಿಪ್ಟ್ ಫಾಂಟಲ್ಲಿ (ಕುಂಚದಲ್ಲಿ ಕೂಡಿಸಿ ಬರೆದ ಹಾಗೆ ಕಾಣೋ ಅಕ್ಷರ) ಹಾಕಿದ್ರೆ ಅಕ್ಷರ ಬಿಡಿಬಿಡಿಯಾಗಿ ಕಾಣ್ತಿದೆ ಅಂದ್ರಲ್ಲ, ಪೂರ್ತಿ ಕ್ಯಾಪಿಟಲ್ಸಲ್ಲಿ ಟೈಪ್ ಮಾಡಿದೀರ, ಅದೇ ಕಾರಣ. ಈ ಥರ ಫಾಂಟಲ್ಲಿ ಒಂದಕ್ಕೊಂದು ಕೂಡ್ಕೊಳ್ಳೋದು ಸ್ಮಾಲ್ ಲೆಟರ್ಸ್, ಕ್ಯಾಪಿಟಲ್ ಇರೋದು ಹೆಸರಿನ ಮೊದಲ ಅಕ್ಷರಕ್ಕೆ. ಲೆಟರ್ ಸ್ಪೇಸಿಂಗ್, ಅಂದ್ರೆ ಅಕ್ಷರಗಳ ನಡುವಿನ ಜಾಗ, ಅದನ್ನೂ ಸೊನ್ನೆಗೆ ತನ್ನಿ, ಸ್ವಲ್ಪ ಜಾಸ್ತಿಯಾದ್ರೂ ಕೊಂಡಿ ಕಿತ್ತೋಗತ್ತೆ.

ಬ್ರಷ್ ಸ್ಕ್ರಿಪ್ಟ್ 1942ರದ್ದು, ಅಮೆರಿಕದ ರಾಬರ್ಟ್ ಸ್ಮಿತ್ ಮಾಡಿದ್ದು, ಚೆನ್ನಾಗಿದೆ ಆದ್ರೆ ಎಲ್ಲಾ ಕಡೆ ನೋಡಿ ನೋಡಿ ಸಾಕಾಗಿದೆ. ನಂಗೆ ಇದೇ ಥರದ ಮಿಸ್ಟ್ರಲ್ ಅನ್ನೋ ಫಾಂಟ್ ತುಂಬಾ ಇಷ್ಟ, ಫ್ರಾನ್ಸಿನ ರೋಜೆ ಎಕ್ಸ್‌ಕೊಫೋನ್ ತನ್ನ ಕೈಬರಹ ಇಟ್ಕೊಂಡೇ ಮಾಡಿದ್ದು, 1953ರಲ್ಲಿ ಬಂತು, ಆಗಿನ್ನೂ ಸೀಸದ ಅಚ್ಚುಮೊಳೆ ಜೋಡಿಸಿ ಮುದ್ರಿಸೋ ಕಾಲ, ಒಂದೊಂದು ಅಕ್ಷರ ಬೇರೆ ಬೇರೆ ಮೊಳೆ, ಆದ್ರೂ ಜೋಡಿಸಿದ್ರೆ ಒಂದೇ ಏಟಿಗೆ ಬರೆದ ಹಾಗೆ ಕಾಣ್ಬೇಕು ಅಂತ ಕೂರಿಸಿದಾರಲ್ಲ, ಎಂಥಾ ಕೆಲಸ ರೀ ಅದು!

ಹೆಸರಿಗೆ ಮಾತ್ರ ಬಳಸಿ, ದೊಡ್ಡದಾಗಿ. ವಿಳಾಸ, ಮುಹೂರ್ತ ಎಲ್ಲಾ ಸಾದಾ ಫಾಂಟಲ್ಲಿರ್ಲಿ, ಅಜ್ಜ ಅಜ್ಜಿ ಓದ್ಬೇಕು.

ಕನ್ನಡ ಸಾಲಿಗೆ ಇವು ಆಗಲ್ಲ, ಗೂಗಲ್ ಫಾಂಟ್ಸಲ್ಲಿ ಅಕಾಯ ಕನಡಕ ಅನ್ನೋ ಕನ್ನಡ ಫಾಂಟ್ ಫ್ರೀಯಾಗಿ ಸಿಗತ್ತೆ, ನೋಡಿ. ಅದು ಯೂನಿಕೋಡು (ಈಗ ಫೋನು, ಕಂಪ್ಯೂಟರು ಎಲ್ಲಾ ಕಡೆ ನಡೆಯೋ ಅಕ್ಷರ ಸಂಕೇತ), ಹಳೇ ನುಡಿ ಫಾಂಟಿನ ಸಂಕೇತ ಬೇರೆ, ಅದ್ರಲ್ಲಿ ಟೈಪ್ ಮಾಡಿದ್ದಿದ್ರೆ ಮೊದ್ಲು ಕನ್ವರ್ಟ್ ಮಾಡ್ಕೊಳಿ. ಪ್ರೆಸ್ಸಿಗೆ ಕಳ್ಸೋವಾಗ ಅಕ್ಷರ ಎಲ್ಲಾ ಚಿತ್ರದ ಥರ ಗೆರೆಗಳಾಗಿ ಬದಲಾಯಿಸಿ, ಅಂದ್ರೆ ಔಟ್‌ಲೈನ್ ಮಾಡಿ ಕಳ್ಸಿ.